‘ಬೇಜಾರು’ ಎಂಬ ಒಂದೇ ಪದದೊಳಗೆ: ಚಿಕ್ಕ ಮಕ್ಕಳು ತಮ್ಮ ಕ್ಷೇಮವನ್ನು ತಾವೇ ನೋಡಿಕೊಳ್ಳಲು ಕಲಿಯುವ ಬಗೆ

ಮೂರನೇ ತರಗತಿಯ ಹುಡುಗನೊಬ್ಬ ಪ್ರಾರ್ಥನೆ ಮುಗಿದ ಮೇಲೆ ಮೇಷ್ಟರ ಹತ್ತಿರ ಬಂದು ‘ಸಾ, ಬೇಜಾರಾಗ್ತೈತೆ’ ಎಂದರೆ ಅವನು ಏನು ಹೇಳುತ್ತಿದ್ದಾನೆ ಎಂಬುದು ಸುಲಭಕ್ಕೆ ತಿಳಿಯುವುದಿಲ್ಲ. ಹೊತ್ತು ಹೋಗದಿದ್ದರೂ ಬೇಜಾರು, ಗೆಳೆಯ ಮಾತು ಬಿಟ್ಟರೂ ಬೇಜಾರು, ರಾತ್ರಿ ಮನೆಯಲ್ಲಿ ಅಪ್ಪ ಅಮ್ಮ ಜಗಳವಾಡಿದ್ದರೂ ಬೇಜಾರು, ಸಾಕಿದ ಕುರಿಮರಿಯನ್ನು ಸಂತೆಗೆ ಹೊಡೆದುಕೊಂಡು ಹೋದರೂ ಬೇಜಾರು. ಬೆಳಗ್ಗೆ ಏನೂ ತಿನ್ನದೆ ಬಂದು ಕಣ್ಣು ಕತ್ತಲಿಡುತ್ತಿದ್ದರೂ ಕೆಲವು ಮಕ್ಕಳ ಬಾಯಿಗೆ ಬರುವುದು ಅದೇ ಮಾತು. ಈ ಐದಕ್ಕೂ ಬೇಕಾದ ಆರೈಕೆ ಬೇರೆ ಬೇರೆ. ಒಂದಕ್ಕೆ ಆಟ ಸಾಕು, ಒಂದಕ್ಕೆ ರಾಜಿ ಬೇಕು, ಒಂದಕ್ಕೆ ಪಕ್ಕದಲ್ಲಿ ಕೂರುವ ದೊಡ್ಡವರು ಬೇಕು, ಇನ್ನೊಂದಕ್ಕೆ ಒಂದು ಲೋಟ ಹಾಲು ಬೇಕು. ಯಾವುದು ಬೇಕೆಂದು ಮಗುವಿಗೇ ತಿಳಿಯದಿದ್ದರೆ, ತಿಳಿದರೂ ಹೇಳಲು ಬಾರದಿದ್ದರೆ, ಮೇಷ್ಟರು ‘ಹೋಗಿ ಕೂತ್ಕೋ’ ಎನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ.

ಪ್ರಾಥಮಿಕ ಶಾಲೆಯಲ್ಲಿ ಕ್ಷೇಮವನ್ನು ಕಲಿಸುವುದು ಎಂಬ ಮಾತು ಈಗ ಸುತ್ತೋಲೆಗಳಲ್ಲಿಯೂ ತರಬೇತಿಗಳಲ್ಲಿಯೂ ಮತ್ತೆ ಮತ್ತೆ ಬರುತ್ತಿದೆ. ಆರೋಗ್ಯವೆಂದರೆ ರೋಗವಿಲ್ಲದಿರುವುದಷ್ಟೇ ಅಲ್ಲ, ದೇಹ, ಮನಸ್ಸು ಮತ್ತು ಸಾಮಾಜಿಕ ಬದುಕು ಮೂರೂ ನೆಟ್ಟಗಿರುವುದು ಎಂಬ ಅರ್ಥದ ವ್ಯಾಖ್ಯಾನ 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನದಲ್ಲಿಯೇ ಇದೆ. ಅಷ್ಟು ದೊಡ್ಡ ಮಾತನ್ನು ಏಳು ವರ್ಷದ ಮಗುವಿನ ಅಳತೆಗೆ ಇಳಿಸಿದರೆ ಉಳಿಯುವುದು ಮೂರು ಕೆಲಸಗಳು: ತನ್ನ ಮೈ ಮತ್ತು ಮನಸ್ಸಿನಲ್ಲಿ ಆಗುತ್ತಿರುವುದನ್ನು ಗಮನಿಸುವುದು, ಅದನ್ನು ಸರಿಯಾದ ಪದದಲ್ಲಿ ಹೇಳುವುದು, ಬೇಕಾದದ್ದನ್ನು ಕೇಳುವುದು. ಕನ್ನಡದಲ್ಲಿ ‘ಕೇಳು’ ಎಂಬ ಕ್ರಿಯಾಪದಕ್ಕೆ ಎರಡು ಮುಖಗಳಿವೆ. ಮಗು ಕೇಳಬೇಕು, ಅಂದರೆ ಬೇಡಬೇಕು. ದೊಡ್ಡವರೂ ಕೇಳಬೇಕು, ಅಂದರೆ ಕಿವಿಗೊಡಬೇಕು. ಎರಡನೆಯ ಕೇಳುವಿಕೆ ಇಲ್ಲದ ಕಡೆ ಮೊದಲನೆಯದನ್ನು ಎಷ್ಟು ಕಲಿಸಿದರೂ ಅದು ಪಾಠವಾಗಿಯೇ ಉಳಿಯುತ್ತದೆ. ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಶಾಲೆಗಳನ್ನು ಮುಂದಿಟ್ಟುಕೊಂಡು ಈ ಮಾತನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ಪದ ಮೊದಲು

ಆರರಿಂದ ಹತ್ತು ವರ್ಷದವರೆಗಿನ ಮಕ್ಕಳಿಗೆ ಭಾವನೆಗಳು ದೊಡ್ಡವರಷ್ಟೇ ತೀವ್ರವಾಗಿ ಆಗುತ್ತವೆ, ಆದರೆ ಅವುಗಳನ್ನು ಹಿಡಿತದಲ್ಲಿಡುವ ಮೆದುಳಿನ ಮುಂಭಾಗ ಇನ್ನೂ ಬೆಳೆಯುತ್ತಿರುತ್ತದೆ. ಆ ಬೆಳವಣಿಗೆ ಪೂರ್ಣವಾಗುವುದು ಇಪ್ಪತ್ತರ ವಯಸ್ಸು ದಾಟಿದ ಮೇಲೆ. ಹಾಗಾಗಿ ‘ಸಿಟ್ಟು ಮಾಡ್ಕೋಬೇಡ’ ಎಂದು ಎರಡನೇ ತರಗತಿಯ ಮಗುವಿಗೆ ಹೇಳುವುದು, ಇನ್ನೂ ಕಟ್ಟಿ ಮುಗಿಯದ ಕಟ್ಟೆಗೆ ಕೆರೆಯ ನೀರನ್ನೆಲ್ಲ ತಡೆ ಎಂದಂತೆ. ಆ ವಯಸ್ಸಿನಲ್ಲಿ ಸಾಧ್ಯವಿರುವುದು ಬೇರೆ: ಬಂದಿರುವುದು ಸಿಟ್ಟೋ ಹೆದರಿಕೆಯೋ ನಾಚಿಕೆಯೋ ಎಂದು ಗುರುತಿಸುವುದು. ಗುರುತಿಸಿ ಹೆಸರಿಟ್ಟ ಭಾವನೆ ತುಸು ತಣಿಯುತ್ತದೆ, ಇತರರಿಗೂ ಅರ್ಥವಾಗುತ್ತದೆ.

ಇದಕ್ಕೆ ಬೇಕಾದ ಪದಗಳು ನಮ್ಮಲ್ಲಿ ಧಾರಾಳವಾಗಿವೆ. ಮುನಿಸು ಬೇರೆ, ಸಿಟ್ಟು ಬೇರೆ. ಮುನಿಸಿನೊಳಗೆ ಪ್ರೀತಿ ಇರುತ್ತದೆ, ಯಾರಾದರೂ ಬಂದು ಸಮಾಧಾನ ಮಾಡಲಿ ಎಂಬ ಆಸೆ ಇರುತ್ತದೆ. ಅಳುಕು ಬೇರೆ, ಗಾಬರಿ ಬೇರೆ. ಕಸಿವಿಸಿ, ಮುಜುಗರ, ಪೆಚ್ಚಾಗುವುದು, ತಳಮಳ, ಹೊಟ್ಟೆಕಿಚ್ಚು, ಹಿಗ್ಗು, ಅಕ್ಕರೆ ಇವು ಒಂದೊಂದೂ ಒಂದೊಂದು ನಿರ್ದಿಷ್ಟ ಅನುಭವಕ್ಕೆ ನಮ್ಮ ಹಿರಿಯರು ಕೊಟ್ಟ ಹೆಸರು. ಭಾವನೆಗಳನ್ನು ಕಲಿಸುವ ಪಟಗಳಲ್ಲಿ ಸಾಮಾನ್ಯವಾಗಿ ನಗುವ ಮುಖ, ಅಳುವ ಮುಖ, ಕೋಪದ ಮುಖ, ಹೆದರಿದ ಮುಖ ಎಂದು ನಾಲ್ಕೇ ಇರುತ್ತವೆ. ಅವು ನೋಡಲು ಚೆಂದ, ಆದರೆ ಮಕ್ಕಳ ಮನಸ್ಸು ನಾಲ್ಕು ಮುಖಗಳಲ್ಲಿ ಹಿಡಿಸುವಂಥದ್ದಲ್ಲ. ವಾರಕ್ಕೆ ಒಂದೇ ಪದವನ್ನು ಎತ್ತಿಕೊಂಡು ‘ನಿನಗೆ ಯಾವಾಗ ಪೆಚ್ಚಾಯಿತು?’ ಎಂದು ಸುತ್ತು ಕೂತು ಮಾತನಾಡಿಸಿದರೆ ವರ್ಷಕ್ಕೆ ಮೂವತ್ತು ಪದಗಳು ಮಕ್ಕಳ ಕೈಗೆ ಸಿಗುತ್ತವೆ. ಮಕ್ಕಳು ಗುಂಪಾಗಿ ಸುತ್ತು ಕೂತು ಕಲಿಯುವ ನಲಿ-ಕಲಿ ತರಗತಿಗೆ ಇದನ್ನು ಹೊಂದಿಸಲು ಹೊಸ ವ್ಯವಸ್ಥೆಯೇನೂ ಬೇಕಿಲ್ಲ.

ಗಡಿಸೀಮೆಯಲ್ಲಿ ಇದಕ್ಕೆ ಇನ್ನೊಂದು ಮಗ್ಗುಲಿದೆ. ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು ಕಡೆ ಬಹಳಷ್ಟು ಮಕ್ಕಳ ಮನೆಮಾತು ತೆಲುಗು. ಕೆಜಿಎಫ್ ಸುತ್ತ ತಮಿಳು. ಎಲ್ಲ ಪಟ್ಟಣಗಳಲ್ಲೂ ದಖನಿ ಉರ್ದು. ಮಗು ಲೆಕ್ಕವನ್ನು ಶಾಲೆಯ ಕನ್ನಡದಲ್ಲಿ ಕಲಿತರೂ ನೋವನ್ನು ಅಮ್ಮನ ಮಾತಿನಲ್ಲಿಯೇ ಅನುಭವಿಸುತ್ತದೆ. ತೆಲುಗಿನಲ್ಲಿ ‘ದಿಗುಲು’ ಎಂದರೆ ದುಃಖ, ಚಿಂತೆ, ಮನಸ್ಸು ಕುಗ್ಗಿರುವುದು. ಕನ್ನಡದ ‘ದಿಗಿಲು’ ಎಂದರೆ ಹೆದರಿಕೆ. ಬಾಗೇಪಲ್ಲಿಯ ಹುಡುಗಿ ಊರಿಗೆ ಹೋದ ಅಮ್ಮನನ್ನು ನೆನೆದು ‘ದಿಗುಲು’ ಎಂದರೆ, ಬೇರೆ ಜಿಲ್ಲೆಯಿಂದ ವರ್ಗವಾಗಿ ಬಂದ ಶಿಕ್ಷಕಿ ‘ಯಾರಿಗೆ ಹೆದರ್ಕೊಂಡೆ?’ ಎಂದು ಕೇಳುವ ಸಾಧ್ಯತೆಯೇ ಹೆಚ್ಚು. ಒಂದು ಸ್ವರದ ವ್ಯತ್ಯಾಸದಲ್ಲಿ ಮಗುವಿನ ದುಃಖ ಭಯವಾಗಿ ದಾಖಲಾಗಿಬಿಡುತ್ತದೆ. ಭಾವನೆಯ ಮಾತಿನ ಮಟ್ಟಿಗಾದರೂ ಮನೆಮಾತಿಗೆ ತರಗತಿಯ ಬಾಗಿಲು ತೆರೆದಿರಬೇಕು ಎಂದು ನಾನು ಹೇಳುವುದು ಇದಕ್ಕಾಗಿಯೇ. ಪಠ್ಯದ ಭಾಷೆಯ ವಾದವನ್ನು ಇಲ್ಲಿಗೆ ಎಳೆದು ತರುವ ಅಗತ್ಯವಿಲ್ಲ.

ಹೊಟ್ಟೆನೋವು ಸುಳ್ಳಲ್ಲ

ಚಿಕ್ಕ ಮಕ್ಕಳಲ್ಲಿ ಮನಸ್ಸಿನ ಸಂಕಟ ಮೊದಲು ತಲುಪುವ ಜಾಗ ಹೊಟ್ಟೆ. ಪರೀಕ್ಷೆಯ ದಿನ, ಸೋಮವಾರ ಬೆಳಗ್ಗೆ, ಮನೆಯಲ್ಲಿ ಜಗಳವಾದ ಮರುದಿನ ಹೊಟ್ಟೆನೋವು ಎನ್ನುವ ಮಗುವನ್ನು ನಾವು ‘ನಾಟಕ’ ಎಂದು ಬಿಡುತ್ತೇವೆ. ಅದು ನಾಟಕವಲ್ಲ. ಹೆದರಿಕೆಯಾದಾಗ ಮೈಯಲ್ಲಿ ಅಡ್ರಿನಲಿನ್ ಹೆಚ್ಚುತ್ತದೆ, ಎದೆಬಡಿತ ಏರುತ್ತದೆ, ಓಡಲು ಬೇಕಾದ ಮಾಂಸಖಂಡಗಳ ಕಡೆಗೆ ರಕ್ತ ಹರಿದು ಜೀರ್ಣಾಂಗಗಳಿಗೆ ಕಡಿಮೆಯಾಗುತ್ತದೆ, ಕರುಳಿನ ಚಲನೆ ಏರುಪೇರಾಗುತ್ತದೆ. ಮೆದುಳಿಗೂ ಕರುಳಿಗೂ ನಡುವೆ ದಟ್ಟವಾದ ನರಗಳ ಸಂಪರ್ಕವಿರುವುದರಿಂದ ಆ ನೋವು ನಿಜವಾಗಿಯೂ ನೋವೇ. ವೈದ್ಯರು ಹೇಳುವ ಮೊದಲೇ ನಮ್ಮ ಮಾತು ಇದನ್ನು ಹಿಡಿದಿಟ್ಟಿದೆ: ಎದೆ ಝಲ್ಲೆಂದಿತು, ಕೈಕಾಲು ತಣ್ಣಗಾದವು, ಕರುಳು ಚುರ್ರೆಂದಿತು, ಗಂಟಲು ಕಟ್ಟಿತು, ಹೊಟ್ಟೆಯಲ್ಲಿ ಕಲಸಿದಂತಾಯಿತು. ಈ ನುಡಿಗಟ್ಟುಗಳನ್ನು ಭಾಷಾಪಾಠದಲ್ಲಿ ‘ಸ್ವಂತ ವಾಕ್ಯದಲ್ಲಿ ಬಳಸಿ’ ಎಂದು ಬರೆಸುವ ಬದಲು, ಮಗು ತನ್ನ ಮೈಯಲ್ಲಿ ಯಾವುದನ್ನು ಎಲ್ಲಿ ಕಂಡಿದೆ ಎಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಮನುಷ್ಯಾಕೃತಿಯೊಳಗೆ ಗುರುತು ಮಾಡಿಸಿದರೆ ಆರೋಗ್ಯದ ಪಾಠವೂ ಆಗುತ್ತದೆ, ಕನ್ನಡದ ಪಾಠವೂ ಆಗುತ್ತದೆ.

ಇಂಥ ಹೊತ್ತಿನಲ್ಲಿ ಮಗು ತಾನೇ ಮಾಡಿಕೊಳ್ಳಬಹುದಾದ ಒಂದು ಉಪಾಯವಿದೆ. ಉಸಿರನ್ನು ಒಳಗೆಳೆದುಕೊಳ್ಳುವುದಕ್ಕಿಂತ ಹೊರಬಿಡುವುದು ನಿಧಾನವಾದರೆ ಎದೆಬಡಿತ ಇಳಿಯುತ್ತದೆ. ‘ಪ್ರಾಣಾಯಾಮ ಮಾಡು’ ಎಂದರೆ ಮಕ್ಕಳು ಕಣ್ಣುಮುಚ್ಚಿ ಪಕ್ಕದವನನ್ನು ಚಿವುಟುತ್ತಾರೆ. ‘ಬಿಸಿ ಹಾಲನ್ನು ಚೆಲ್ಲದಂತೆ ಊದಿ ಆರಿಸು’ ಎಂದರೆ ತಕ್ಷಣ ತಿಳಿಯುತ್ತದೆ. ಐದಾರು ಸಲ ಹಾಗೆ ಊದಿದರೆ ಸಾಕು. ಆದರೆ ಇದನ್ನು ಅಳು ಬಂದಾಗ ಮೊದಲ ಬಾರಿಗೆ ಹೇಳಿಕೊಟ್ಟರೆ ಕೆಲಸ ಮಾಡುವುದಿಲ್ಲ, ನಗುತ್ತಿರುವಾಗ ರೂಢಿಯಾಗಿರಬೇಕು.

ಒಂದು ಎಚ್ಚರಿಕೆ ಅಗತ್ಯ. ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ಪದೇಪದೇ ವಾಂತಿ, ಮಲದಲ್ಲಿ ರಕ್ತ, ಮೂತ್ರದಲ್ಲಿ ಉರಿ, ತೂಕ ಇಳಿಯುವುದು ಇವುಗಳಲ್ಲಿ ಯಾವುದಿದ್ದರೂ ಮನಸ್ಸಿನ ವಿಚಾರವನ್ನು ಬದಿಗಿಟ್ಟು ಮೊದಲು ವೈದ್ಯರಿಗೆ ತೋರಿಸಬೇಕು.

ನೀರು ಕುಡಿ ಎನ್ನುವ ಮುನ್ನ

ಬೇರೆ ಕಡೆ ‘ಚೆನ್ನಾಗಿ ನೀರು ಕುಡಿಯಿರಿ’ ಎಂಬುದು ಒಂದು ಸಾಲಿನ ಪಾಠ. ನಮ್ಮ ಸೀಮೆಯಲ್ಲಿ ಅದು ಒಂದು ಸಾಲಿನಲ್ಲಿ ಮುಗಿಯುವುದಿಲ್ಲ. ವರ್ಷಪೂರ್ತಿ ಹರಿಯುವ ಹೊಳೆಯಿಲ್ಲದ ಈ ಜಿಲ್ಲೆಗಳಲ್ಲಿ ಕೆರೆ ಬತ್ತಿ, ಬಾವಿ ಬತ್ತಿ, ಕೊಳವೆಬಾವಿಗಳು ಸಾವಿರ ಅಡಿಯನ್ನೂ ದಾಟಿ ಕೆಳಗಿಳಿದವು. ಬಂಡೆಯ ಸೀಳುಗಳಲ್ಲಿ ದೀರ್ಘಕಾಲ ನಿಂತ ನೀರಿಗೆ ಆ ಬಂಡೆಯ ಖನಿಜಗಳಿಂದ ಫ್ಲೋರೈಡ್ ಕರಗಿ ಸೇರುತ್ತದೆ. ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿಯೂ ತುಮಕೂರು ಜಿಲ್ಲೆಯ ಪಾವಗಡದ ಕಡೆಯೂ ಇದು ದಶಕಗಳಿಂದ ಗೊತ್ತಿರುವ ಸಂಗತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಾರತೀಯ ಮಾನಕ ಸಂಸ್ಥೆ 1 ಮಿಲಿಗ್ರಾಂ ಮಿತಿಯನ್ನಿಟ್ಟು, ಬೇರೆ ಮೂಲವೇ ಇಲ್ಲದಿದ್ದರೆ ಮಾತ್ರ 1.5ರವರೆಗೆ ಒಪ್ಪುತ್ತದೆ.

ಫ್ಲೋರೈಡ್ ಮೊದಲು ಗುರುತು ಮಾಡುವುದು ಮಕ್ಕಳ ಹಲ್ಲಿನ ಮೇಲೆ. ಶಾಶ್ವತ ಹಲ್ಲುಗಳ ಹೊರಕವಚ ಒಸಡಿನೊಳಗೆ ರೂಪುಗೊಳ್ಳುವುದು ಸುಮಾರು ಎಂಟು ವರ್ಷದವರೆಗೆ. ಆ ಅವಧಿಯಲ್ಲಿ ಫ್ಲೋರೈಡ್ ಹೆಚ್ಚಾಗಿ ದೇಹ ಸೇರಿದರೆ ಕವಚ ಸರಿಯಾಗಿ ಗಟ್ಟಿಗೊಳ್ಳದೆ, ಹಲ್ಲು ಹುಟ್ಟುವಾಗಲೇ ಸುಣ್ಣದಂಥ ಬಿಳಿ ಗೆರೆಗಳಿರುತ್ತವೆ. ಮುಂದೆ ಅವು ಹಳದಿ, ಕಂದು ಬಣ್ಣಕ್ಕೆ ತಿರುಗುತ್ತವೆ. ಬಾಯಿಯ ಮುಂಭಾಗದ ಶಾಶ್ವತ ಹಲ್ಲುಗಳು ಹುಟ್ಟುವುದು ಆರರಿಂದ ಎಂಟನೇ ವಯಸ್ಸಿನಲ್ಲಿ, ಅಂದರೆ ಮಗು ಒಂದನೇ ತರಗತಿಯಿಂದ ಮೂರನೇ ತರಗತಿಯಲ್ಲಿರುವಾಗ. ಉಜ್ಜಿದರೆ ಈ ಕಲೆ ಹೋಗುವುದಿಲ್ಲ. ಆದರೂ ಮನೆಯಲ್ಲಿ ‘ನೆಟ್ಟಗೆ ಹಲ್ಲುಜ್ಜಲ್ಲ, ನೋಡು ಹೆಂಗಾಗೈತೆ’ ಎಂದು ಬೈಯುತ್ತಾರೆ. ಮಗು ಇದ್ದಿಲು, ಬೂದಿ, ಇಟ್ಟಿಗೆಪುಡಿ ಹಾಕಿ ತಿಕ್ಕಿ ಇದ್ದ ಕವಚವನ್ನೂ ಸವೆಸಿಕೊಳ್ಳುತ್ತದೆ. ನಾಲ್ಕನೇ ತರಗತಿಗೆ ಬರುವ ಹೊತ್ತಿಗೆ ನಗುವಾಗ ಬಾಯಿಗೆ ಅಂಗೈ ಅಡ್ಡ ಹಿಡಿಯುವ ಅಭ್ಯಾಸವಾಗುತ್ತದೆ, ಗುಂಪು ಚಿತ್ರ ತೆಗೆಯುವಾಗ ತುಟಿ ಬಿಗಿಯುತ್ತದೆ, ಜೋರಾಗಿ ಓದು ಎಂದರೆ ಎದ್ದು ನಿಲ್ಲುವುದಿಲ್ಲ. ಓದಲು ಬಾರದು ಎಂದು ಶಿಕ್ಷಕರು ಬರೆದುಕೊಳ್ಳುತ್ತಾರೆ.

ದೇಹದ ಕ್ಷೇಮ, ಮನಸ್ಸಿನ ಕ್ಷೇಮ ಎಂದು ಎರಡು ಅಧ್ಯಾಯ ಮಾಡಿ ಕಲಿಸುವುದರಲ್ಲಿ ನನಗೆ ನಂಬಿಕೆ ಇಲ್ಲದಿರುವುದು ಈ ಬಾಯಿ ಮುಚ್ಚಿದ ಅಂಗೈಗಳನ್ನು ನೋಡಿಯೇ. ಹಲ್ಲಿನ ಕಲೆಗೆ ಕಾರಣ ನೀರು, ನೀನಲ್ಲ ಎಂಬ ಒಂದು ವಿವರಣೆ ಇಲ್ಲಿ ವಿಜ್ಞಾನದ ಪಾಠವೂ ಹೌದು, ನಾಚಿಕೆಗೆ ಮದ್ದೂ ಹೌದು. ಅದರ ಜೊತೆಗೆ ಮಗು ತಿಳಿದಿರಬೇಕಾದದ್ದು ಇಷ್ಟು: ಕುಡಿಯುವುದಕ್ಕೂ ಅಡುಗೆಗೂ ಯಾವ ನಲ್ಲಿಯ ನೀರು, ಮೈಕೈ ತೊಳೆಯಲು ಯಾವ ನಲ್ಲಿಯ ನೀರು ಎಂಬ ಭೇದ. ಕಾಯಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಬಿಂದಿಗೆ ಹಿಡಿದು ಶುದ್ಧ ನೀರಿನ ಘಟಕದ ಮುಂದೆ ನಿಲ್ಲುವವರು ಎಷ್ಟೋ ಮನೆಗಳಲ್ಲಿ ಮಕ್ಕಳೇ ಆದ್ದರಿಂದ ಈ ಭೇದ ಅವರಿಗೆ ಗೊತ್ತಾದರೆ ಮನೆಗೂ ಗೊತ್ತಾಗುತ್ತದೆ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ ಅಡಿ ಸ್ಥಳದಲ್ಲಿಯೇ ನೀರು ಪರೀಕ್ಷಿಸುವ ಕಿಟ್‌ಗಳನ್ನು ಹಳ್ಳಿಗಳಿಗೆ ಕೊಟ್ಟು ಮಹಿಳೆಯರಿಗೆ ತರಬೇತಿ ನೀಡುವ ವ್ಯವಸ್ಥೆಯಿದೆ. ಆ ಪರೀಕ್ಷೆಯನ್ನು ಐದನೇ ತರಗತಿಯ ಮಕ್ಕಳ ಎದುರಿನಲ್ಲಿ ಒಮ್ಮೆ ಮಾಡಿ ತೋರಿಸಿದರೆ ಪುಸ್ತಕದ ಹತ್ತು ಪುಟಗಳಿಗಿಂತ ಹೆಚ್ಚು ಉಳಿಯುತ್ತದೆ.

ಇನ್ನು ನೀರಿನ ಗಂಟೆ. ಕೇರಳದಲ್ಲಿ 2019ರಲ್ಲಿ ಸುದ್ದಿಯಾದ ಈ ಪದ್ಧತಿ, ಅಂದರೆ ದಿನಕ್ಕೆ ಕೆಲವು ಸಲ ಗಂಟೆ ಬಾರಿಸಿ ಮಕ್ಕಳಿಗೆ ನೀರು ಕುಡಿಸುವುದು, ಕರ್ನಾಟಕದ ಶಾಲೆಗಳಿಗೂ ಬಂತು. ಒಳ್ಳೆಯದೇ. ಆದರೆ ಹೆಣ್ಣುಮಕ್ಕಳು ಶಾಲೆಯಲ್ಲಿ ನೀರು ಕುಡಿಯದಿರುವುದು ಮರೆತು ಅಲ್ಲ. ಶೌಚಾಲಯದ ಚಿಲಕ ಮುರಿದಿರುತ್ತದೆ, ಒಳಗೆ ನೀರಿರುವುದಿಲ್ಲ, ಬೀಗದ ಕೈ ಸಿಬ್ಬಂದಿಯ ಮೇಜಿನಲ್ಲಿರುತ್ತದೆ. ಬೆಳಗಿನಿಂದ ಸಂಜೆಯವರೆಗೆ ತಡೆದುಕೊಂಡರೆ ಮೂತ್ರದ ಸೋಂಕು, ಮಲಬದ್ಧತೆ, ಅದರಿಂದ ಮತ್ತೆ ಹೊಟ್ಟೆನೋವು. ಗಂಟೆ ಬಾರಿಸುವ ಮುನ್ನ ಚಿಲಕ ಸರಿಮಾಡಿಸುವುದು ಕ್ಷೇಮದ ಶಿಕ್ಷಣದ ಮೊದಲ ಪಾಠ, ಅದನ್ನು ಕಲಿಯಬೇಕಾದವರು ದೊಡ್ಡವರು. ಕೈತೊಳೆಯುವುದಕ್ಕೂ ಇದೇ ಮಾತು. ಸಾಬೂನು ಹಚ್ಚಿ ಇಪ್ಪತ್ತು ಸೆಕೆಂಡು ಉಜ್ಜಬೇಕೆಂಬುದು ಪ್ರತಿ ಮಗುವಿಗೂ ಬಾಯಿಪಾಠ, ಕೋವಿಡ್ ಅದನ್ನು ಕಲಿಸಿ ಹೋಗಿದೆ. ಊಟದ ಹೊತ್ತಿಗೆ ತೊಟ್ಟಿಯಲ್ಲಿ ನೀರೂ ತೊಟ್ಟಿಯ ಪಕ್ಕ ಸಾಬೂನೂ ಇದೆಯೇ ಎಂಬುದಷ್ಟೇ ಪ್ರಶ್ನೆ.

ತಟ್ಟೆ, ಮಾತ್ರೆ, ನಿದ್ದೆ

ಊಟದ ವಿಷಯದಲ್ಲಿ ಕರ್ನಾಟಕದ ಶಾಲೆಗಳು ಮಾಡಿರುವುದು ಸಣ್ಣ ಕೆಲಸವಲ್ಲ. ಅಕ್ಷರ ದಾಸೋಹದ ಬಿಸಿಯೂಟದ ಜೊತೆಗೆ 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಬಂತು, ಮಗುವಿಗೆ 150 ಮಿಲಿಲೀಟರ್ ಹಾಲು. 2024ರಿಂದ ಹಾಲಿನ ಜೊತೆ ರಾಗಿ ಮಾಲ್ಟ್ ಸೇರಿತು, ಅದೇ ವರ್ಷ ಮೊಟ್ಟೆ ವಾರಕ್ಕೆ ಆರು ದಿನಕ್ಕೆ ವಿಸ್ತರಿಸಿತು, ತಿನ್ನದವರಿಗೆ ಬಾಳೆಹಣ್ಣು ಇಲ್ಲವೆ ಚಿಕ್ಕಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಇದೆ. ಫ್ಲೋರೈಡ್ ಇರುವ ಊರಿನಲ್ಲಿ ಹಾಲು ಮತ್ತು ರಾಗಿಗೆ ಇರುವ ಬೆಲೆ ಎರಡು ಪಟ್ಟು, ಏಕೆಂದರೆ ಸುಣ್ಣದಂಶ ಸಾಕಷ್ಟಿದ್ದಾಗ ದೇಹ ಫ್ಲೋರೈಡನ್ನು ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕಬ್ಬಿಣಾಂಶವನ್ನು ದೇಹಕ್ಕೆ ಸೇರಗೊಡದೆ ಹಿಡಿದಿಟ್ಟುಕೊಳ್ಳುತ್ತದೆ ಎಂಬ ಕೊರತೆಯೂ ಇದೆ. ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ ಅದು ತಗ್ಗುತ್ತದೆ, ಊಟದ ಜೊತೆ ನಿಂಬೆಹುಳಿಯೋ ಸೀಬೆಹಣ್ಣೋ ಇದ್ದರೆ ಕಬ್ಬಿಣಾಂಶ ಚೆನ್ನಾಗಿ ಸೇರುತ್ತದೆ, ಊಟದ ಹಿಂದೆಮುಂದೆ ಟೀ ಕುಡಿದರೆ ಸೇರುವುದಿಲ್ಲ. ಬೆಳಗ್ಗೆ ಟೀಯಲ್ಲಿ ಬನ್ನು ಅದ್ದಿ ತಿಂದು ಬರುವ ಮಕ್ಕಳ ಸಂಖ್ಯೆ ನೋಡಿದರೆ ಈ ಕೊನೆಯ ಮಾತು ಅತಿ ಮುಖ್ಯ. ಹೊಲದ ಬದುವಿನಿಂದ ಬೆರಕೆ ಸೊಪ್ಪು ಕಿತ್ತು ತಂದು ಮಾಡುವ ಸಾರು ಮಕ್ಕಳಿಗೆ ಬಡತನದ ಊಟವಾಗಿ ಕಾಣತೊಡಗಿದೆ. ಪಾಕೀಟಿನ ಕುರುಕಲು ಶ್ರೀಮಂತಿಕೆಯಾಗಿ ಕಾಣುತ್ತಿದೆ. ಈ ತಲೆಕೆಳಗಾದ ಲೆಕ್ಕವನ್ನು ಸರಿಮಾಡಲು ಪೋಷಕಾಂಶದ ಪಟ್ಟಿಗಿಂತ, ಶಿಕ್ಷಕರು ಮಕ್ಕಳ ಜೊತೆ ಕೂತು ಅದೇ ಊಟ ಉಣ್ಣುವುದು ಹೆಚ್ಚು ಕೆಲಸ ಮಾಡುತ್ತದೆ.

ಮಾತ್ರೆಗಳ ಮಾತು ಚಿಕ್ಕದು. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಅಲ್ಬೆಂಡಜೋಲ್ ಮಾತ್ರೆಯನ್ನು ಅಗಿದು ತಿನ್ನಿಸುತ್ತಾರೆ. ಐದರಿಂದ ಒಂಬತ್ತು ವರ್ಷದವರಿಗೆ ವಾರಕ್ಕೊಮ್ಮೆ ಗುಲಾಬಿ ಬಣ್ಣದ ಕಬ್ಬಿಣಾಂಶದ ಮಾತ್ರೆಯಿದೆ. ‘ಬಾಯಿ ತೆಗಿ’ ಎಂದು ಸಾಲು ನಿಲ್ಲಿಸಿ ಹಾಕುವ ಬದಲು, ಕೊಕ್ಕೆಹುಳು ಬರಿಗಾಲಿನ ಚರ್ಮದ ಮೂಲಕ ಒಳಹೊಕ್ಕು ಕರುಳಿನಲ್ಲಿ ರಕ್ತ ಹೀರುತ್ತದೆ, ಕಬ್ಬಿಣಾಂಶದ ಮಾತ್ರೆ ತಿಂದರೆ ಮಲ ಕಪ್ಪಾಗಬಹುದು, ಹೆದರಬೇಡ ಎಂದು ಮೊದಲೇ ಹೇಳಿದರೆ ಮಗು ಮಾತ್ರೆಯನ್ನು ಕಿಟಕಿಯಾಚೆ ಎಸೆಯುವುದಿಲ್ಲ. ಚಪ್ಪಲಿ ಹಾಕಿಕೋ ಎಂಬ ಬೈಗುಳಕ್ಕೂ ಆಗ ಅರ್ಥ ಬರುತ್ತದೆ.

ನಿದ್ದೆಯ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ ಒಂಬತ್ತರಿಂದ ಹನ್ನೆರಡು ಗಂಟೆ ನಿದ್ದೆ ಬೇಕು. ಮನೆಗಳ ಗಡಿಯಾರ ಬೇರೆ ಇದೆ. ಡೇರಿಗೆ ಹಾಲು ಹಾಕುವ ಮನೆ ಕೋಳಿ ಕೂಗುವ ಮುನ್ನ ಏಳುತ್ತದೆ. ಶಿಡ್ಲಘಟ್ಟದ ಕಡೆ ರೇಷ್ಮೆ ಮೇಯಿಸುವ ಮನೆಗಳಲ್ಲಿ ಹುಳು ನಾಲ್ಕನೇ ಜ್ವರ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ಹಂತ, ಮುಗಿಸಿ ಎದ್ದರೆ ಮುಂದಿನ ಒಂದು ವಾರ ಹಗಲು ರಾತ್ರಿ ಸೊಪ್ಪು ಹಾಕಬೇಕು, ಮನೆಯ ಮಕ್ಕಳೂ ಅದರಲ್ಲಿ ಕೈಜೋಡಿಸುತ್ತಾರೆ. ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ಅಲ್ಲಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವ ತಂದೆತಾಯಿಗಳ ಮಕ್ಕಳು, ಅವರು ಮರಳುವವರೆಗೆ ಕಣ್ಣು ಬಿಟ್ಟುಕೊಂಡು ಕಾಯುತ್ತಾರೆ, ಕೈಯಲ್ಲಿ ಮೊಬೈಲು. ತರಗತಿಯಲ್ಲಿ ತೂಕಡಿಸುವ, ಚಿಕ್ಕ ಮಾತಿಗೂ ಅಳುವ, ಹೊಡೆದಾಡುವ ಮಗುವಿಗೆ ಬುದ್ಧಿ ಹೇಳುವ ಮುನ್ನ ‘ರಾತ್ರಿ ಎಷ್ಟು ಹೊತ್ತಿಗೆ ಮಲಗಿದೆ?’ ಎಂದು ಕೇಳಿದರೆ ಅರ್ಧ ಉತ್ತರ ಸಿಗುತ್ತದೆ. ಹುಳು ಜ್ವರದಿಂದ ಎದ್ದ ವಾರ ಮಧ್ಯಾಹ್ನ ಅರ್ಧ ಗಂಟೆ ಆ ಮಗುವನ್ನು ಮೂಲೆಯಲ್ಲಿ ಮಲಗಲು ಬಿಟ್ಟರೆ ಪಾಠ ಹಿಂದೆ ಬೀಳುವುದಿಲ್ಲ.

ಗುಟ್ಟು ಮತ್ತು ಗುಟ್ಟಲ್ಲದ್ದು

‘ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ’ ಎಂದು ಕಲಿಸುವ ರೂಢಿ ಬದಲಾಗಿ ‘ಸುರಕ್ಷಿತ, ಅಸುರಕ್ಷಿತ’ ಎಂಬ ಪದಗಳು ಬಂದಿರುವುದಕ್ಕೆ ಕಾರಣವಿದೆ. ದುರುದ್ದೇಶದ ಸ್ಪರ್ಶವೂ ಮಗುವಿಗೆ ಅಕ್ಕರೆಯಂತೆ ಕಾಣಬಹುದು, ಚಾಕೊಲೇಟಿನ ಜೊತೆ ಬರಬಹುದು. ವೈದ್ಯರ ಸೂಜಿ ನೋವು ಕೊಟ್ಟರೂ ಸುರಕ್ಷಿತ. ‘ಕೆಟ್ಟ’ ಎಂಬ ಪದ ಕೊನೆಗೆ ಮಗುವಿನ ತಲೆಯ ಮೇಲೆಯೇ ಬೀಳುತ್ತದೆ: ನನಗೆ ಕೆಟ್ಟದ್ದಾಯಿತು, ಆದ್ದರಿಂದ ನಾನು ಕೆಟ್ಟವಳು. ಮಕ್ಕಳಿಗೆ ತಮ್ಮ ಖಾಸಗಿ ಅಂಗಗಳಿಗೆ ನಾಚಿಕೆಯಿಲ್ಲದ ಹೆಸರು ಗೊತ್ತಿರಬೇಕು, ಇಲ್ಲವಾದರೆ ಏನಾಯಿತೆಂದು ಹೇಳಲು ಪದವೇ ಇರುವುದಿಲ್ಲ. ಹುಟ್ಟುಹಬ್ಬದ ಉಡುಗೊರೆಯನ್ನು ಮುಚ್ಚಿಡುವ ಗುಟ್ಟು ಒಂದು ದಿನ ಬಿಚ್ಚಿಕೊಳ್ಳುತ್ತದೆ, ಎಲ್ಲರೂ ನಗುತ್ತಾರೆ. ಯಾರಿಗೂ ಎಂದೂ ಹೇಳಬೇಡ ಎಂದು ಹೆದರಿಸಿ ಇಡಿಸುವ ಗುಟ್ಟು ಗುಟ್ಟಲ್ಲ, ಅದನ್ನು ಹೇಳಲೇಬೇಕು. ಈ ವ್ಯತ್ಯಾಸ ಆರು ವರ್ಷದ ಮಗುವಿಗೂ ತಿಳಿಯುತ್ತದೆ. ಅಪಾಯ ಹೆಚ್ಚಿನ ಪಾಲು ಬರುವುದು ಅಪರಿಚಿತರಿಂದಲ್ಲ, ಪರಿಚಿತರಿಂದ ಎಂಬುದರಿಂದ ‘ಗೊತ್ತಿಲ್ಲದವರ ಜೊತೆ ಮಾತಾಡಬೇಡ’ ಎಂಬ ಒಂದೇ ಎಚ್ಚರಿಕೆ ಸಾಲದು. ಇನ್ನು ಮಗು ಹೇಳಿದ ಮೇಲೆ ಊರಿನ ಮರ್ಯಾದೆಯ ಲೆಕ್ಕ ಹಾಕುವ ಸ್ವಾತಂತ್ರ್ಯ ಶಿಕ್ಷಕರಿಗಿಲ್ಲ: 2012ರ ಪೋಕ್ಸೊ ಕಾಯ್ದೆಯಡಿ ವಿಷಯ ತಿಳಿದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಟ್ಟರೆ ಶಿಕ್ಷೆಯಿದೆ.

ಕಲಿಸುವವರು ಯಾರು

ಇಷ್ಟನ್ನೆಲ್ಲ ಇನ್ನೊಂದು ಪುಸ್ತಕ ಮಾಡಿ ಇನ್ನೊಂದು ಅವಧಿ ಸೇರಿಸಿದರಾಯಿತು ಎಂದು ಅನ್ನಿಸುವುದು ಸಹಜ. ಹೊರಗಿನ ಅನುಭವ ಬೇರೆಯೇ ಹೇಳುತ್ತದೆ. ಬ್ರಿಟನ್ನಿನ 85 ಶಾಲೆಗಳಲ್ಲಿ, ಹನ್ನೊಂದು ವರ್ಷ ದಾಟಿದ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳ ನಡುವೆ ಶಿಕ್ಷಕರಿಂದ ಧ್ಯಾನದ ಮಾದರಿಯ ತರಗತಿ ನಡೆಸಿ ನೋಡಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಎಂದಿನಂತೆ ನಡೆಯುತ್ತಿದ್ದ ಭಾವನಾತ್ಮಕ ಕಲಿಕೆಗಿಂತ ಅದರಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಅದಕ್ಕಿಂತ ನಮಗೆ ಹತ್ತಿರದ್ದು ಬಿಹಾರದ ಪ್ರೌಢಶಾಲೆಗಳಲ್ಲಿ ನಡೆದು 2018ರಲ್ಲಿ ಫಲಿತಾಂಶ ಹೊರಬಂದ ಅಧ್ಯಯನ. ಅಲ್ಲಿ ಒಂದೊಂದು ಪಾಠವನ್ನು ಬದಲಿಸುವ ಬದಲು ಇಡೀ ಶಾಲೆಯ ವಾತಾವರಣವನ್ನು ಸುಧಾರಿಸುವ ಪ್ರಯತ್ನ ನಡೆಯಿತು. ತರಬೇತಿ ಪಡೆದ ಆಪ್ತಸಲಹೆಗಾರರೊಬ್ಬರು ಅದನ್ನು ನಡೆಸಿದ ಶಾಲೆಗಳಲ್ಲಿ ಮಕ್ಕಳ ಖಿನ್ನತೆಯ ಲಕ್ಷಣಗಳೂ ಪರಸ್ಪರ ಹಿಂಸೆಯೂ ತಗ್ಗಿದವು. ಅದೇ ಕಾರ್ಯಕ್ರಮವನ್ನು ಅಲ್ಲಿನ ಶಿಕ್ಷಕರಿಗೇ ವಹಿಸಿದ ಶಾಲೆಗಳಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಎರಡೂ ದೊಡ್ಡ ಮಕ್ಕಳ ಮೇಲೆ ನಡೆದವು, ನೇರವಾಗಿ ಇಲ್ಲಿಗೆ ಅನ್ವಯಿಸಲಾಗದು. ಆದರೆ ಮೊಟ್ಟೆ ಎಣಿಸುವ, ಹಾಲಿನ ಪುಡಿಯ ಲೆಕ್ಕ ಬರೆಯುವ, ತಂತ್ರಾಂಶಕ್ಕೆ ಮಾಹಿತಿ ತುಂಬುವ, ಇಬ್ಬರೇ ಇರುವ ಶಾಲೆಯಲ್ಲಿ ಐದು ತರಗತಿ ನಡೆಸುವ ಶಿಕ್ಷಕಿಯ ಹೆಗಲಿಗೆ ಕ್ಷೇಮವನ್ನೂ ಹಾಕಿ ಕೈತೊಳೆದುಕೊಳ್ಳಬಹುದು ಎಂಬ ನಂಬಿಕೆಯನ್ನು ಅವು ಅಲುಗಿಸುತ್ತವೆ.

ಶಿಕ್ಷಕಿಯಿಂದ ಆಗುವುದು ಮತ್ತು ಯಾವ ತರಬೇತಿಯೂ ಬೇಡದೆ ಆಗುವುದು ಒಂದಿದೆ. ಚಿಕ್ಕ ಮಕ್ಕಳು ಸಮಾಧಾನವನ್ನು ದೊಡ್ಡವರಿಂದ ಎರವಲು ಪಡೆಯುತ್ತಾರೆ. ತರಗತಿಯಲ್ಲಿ ದನಿ ಏರಿದರೆ ಅವರ ಎದೆಬಡಿತವೂ ಏರುತ್ತದೆ, ದನಿ ಇಳಿದರೆ ಇಳಿಯುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ; ಕೋಲು ಬಹುಮಟ್ಟಿಗೆ ಹೋಯಿತು, ಅಡ್ಡಹೆಸರು ಇಟ್ಟು ಕರೆಯುವುದು, ತಮ್ಮನ ಅಂಕ ತೋರಿಸಿ ಅಣ್ಣನನ್ನು ಹಂಗಿಸುವುದು ಉಳಿದಿದೆ. ಹಂಗಿಸುವ ಬಾಯಿಗೆ ಮಗು ತನ್ನ ಕಷ್ಟ ಹೇಳುವುದಿಲ್ಲ.

ಹೇಳಿದ ಮೇಲೆ ಮುಂದಿನ ದಾರಿಯೂ ಶಿಕ್ಷಕರಿಗೆ ಗೊತ್ತಿರಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗೆ ಬರುತ್ತದೆ. ಕಣ್ಣು, ಕಿವಿ, ಹಲ್ಲು, ರಕ್ತಹೀನತೆ, ಬೆಳವಣಿಗೆಯ ವಿಳಂಬ ಎಲ್ಲವನ್ನೂ ನೋಡಿ ಆಸ್ಪತ್ರೆಗೆ ಕಳಿಸುತ್ತದೆ. ಹಲಗೆ ಕಾಣದ ಮಗು ಯಾರು, ಕರೆದರೆ ತಿರುಗದ ಮಗು ಯಾರು ಎಂಬ ಪಟ್ಟಿ ಆ ದಿನಕ್ಕೆ ಸಿದ್ಧವಿದ್ದರೆ ತಪಾಸಣೆ ಕಾಗದದ ಮೇಲೆ ಮುಗಿಯುವುದಿಲ್ಲ. ಮನಸ್ಸಿಗೆ ಸಂಬಂಧಿಸಿದ್ದಕ್ಕೆ 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಟೆಲಿ ಮನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು, ಶಿಕ್ಷಕರೂ ಪೋಷಕರೂ ತಮ್ಮ ಅನುಮಾನ ಕೇಳಬಹುದು. ಮುರಿದ ಚಿಲಕ, ಬಾರದ ನೀರು ಇಂಥವಕ್ಕೆ ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆಯಿದೆ. ಅಲ್ಲಿ ಐದನೇ ತರಗತಿಯ ಹುಡುಗಿ ಎದ್ದು ನಿಂತು ‘ನಮ್ಮ ಶೌಚಾಲಯಕ್ಕೆ ಚಿಲಕ ಇಲ್ಲ’ ಎಂದು ಮೈಕಿನಲ್ಲಿ ಹೇಳುವುದು, ಗಮನಿಸಿ ಹೇಳಿ ಕೇಳುವ ಮೂರೂ ಕೆಲಸ ಒಟ್ಟಿಗೆ ಆದಂತೆ. ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಮುಂದಿನ ಸಭೆಯಲ್ಲಿ ಏನಾಯಿತೆಂದು ಕೇಳುವುದು ಶಾಲಾಭಿವೃದ್ಧಿ ಸಮಿತಿಯವರ ಕೆಲಸ.

ಮಕ್ಕಳ ಸಹಾಯವಾಣಿ 1098 ಅನ್ನು ಗೋಡೆಯ ಮೇಲೆ ಬರೆಸಿರುವ ಶಾಲೆಗಳು ಈಗ ಸಾಕಷ್ಟಿವೆ. ಬಹುತೇಕ ಕಡೆ ಅದು ಮುಖ್ಯೋಪಾಧ್ಯಾಯರ ಕೊಠಡಿಯ ಬಾಗಿಲ ಮೇಲೆ, ದೊಡ್ಡವರ ತಲೆಯ ಎತ್ತರಕ್ಕಿರುತ್ತದೆ. ಒಂದನೇ ತರಗತಿಯ ಮಗುವಿನ ಕಣ್ಣು ನೆಲದಿಂದ ಮೂರೂವರೆ ಅಡಿ ಮೇಲಿರುತ್ತದೆ. ಕೈತೊಳೆಯುವ ನಲ್ಲಿಯ ಪಕ್ಕ ಆ ಎತ್ತರಕ್ಕೆ ಒಂದು, ಸೊನ್ನೆ, ಒಂಬತ್ತು, ಎಂಟು ಎಂದು ದಪ್ಪಗೆ ಬರೆಸಲು ಅರ್ಧ ಡಬ್ಬಿ ಬಣ್ಣ ಸಾಕು.